ತೊಗರಿ ಚೀಲದ ಎಂ.ಎ.

ನಮ್ಮ ಮಹಿಳಾ ಸಮಾಜದವರಿಗೆ ನನ್ನ ಮೇಲೆ ಒಂದು ದೂರು ಇದೆ. ಯಾವ ಸಮಾರಂಭವಾದರೂ ವಂದನಾರ್ಪಣೆಯನ್ನು ನನ್ನ ತಲೆಗೇ ಕಟ್ಟುತ್ತಾರೆ. ನಾನು ಅದನ್ನು ತಪ್ಪದೆ ಕೆಡಿಸುತ್ತೇನೆ. ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು, ಹೇಗೂ ಮಾತು ಬರುತ್ತದೆ, ಕೊನೆಯಲ್ಲಿ ಎದ್ದು ನಿಂತು ಎಲ್ಲರಿಗೂ ಕೈಮುಗಿಯಲಿ ಎಂದು ಅವರ ಎಣಿಕೆ. ನಾನು ಎದ್ದು ಪೆಂಡಾಲು ಕಟ್ಟಿದ ಹುಡುಗರನ್ನು ನೆನೆಯುತ್ತೇನೆ, ಜಮಖಾನೆ ಹಾಸಿದವಳನ್ನು ನೆನೆಯುತ್ತೇನೆ, ನೀರು ಹೊತ್ತವನನ್ನು ನೆನೆಯುತ್ತೇನೆ, ಕೂತುಬಿಡುತ್ತೇನೆ. ಮೊದಲ ಸಾಲಿನಲ್ಲಿ ಜರಿ ಶಾಲು ಹೊದ್ದು, ಈಗ ನನ್ನ ಹೆಸರು, ಈಗ ನನ್ನ ಹೆಸರು ಎಂದು ಕೊರಳು ಚಾಚಿ ಕೂತ ದಾನಿಗಳ ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಮರೆವಲ್ಲ. ನನ್ನ ಮರೆವಿನ ಬಗ್ಗೆ ಮನೆಯವರು ಏನು ಹೇಳಿದರೂ ನಂಬಬೇಡಿ. ಇದು ಹಟ.

ಈ ಹಟಕ್ಕೆ ಒಂದು ಮೂಲವಿದೆ. ಅದನ್ನು ಯಾರಿಗೂ ಕೂತು ಹೇಳಿರಲಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದು, "ಅಜ್ಜಿ, ಇಂಗ್ಲಿಷ್ ಎಂ.ಎ. ಮಾಡೋರಿಗೆ ಸ್ಕಾಲರ್‌ಶಿಪ್ ಎಲ್ಲೆಲ್ಲಿ ಸಿಗತಾವ್ರಿ?" ಎಂದು ಕೇಳಿದಳು. ಕೈಯಲ್ಲಿ ತಾನು ಬರೆದ ಅರ್ಜಿಯೂ ಇತ್ತು. ಓದಿ ನೋಡಿದೆ. ಬಡವಳಾದ ನಾನು, ಅಲ್ಪಳಾದ ನಾನು, ತಮ್ಮ ಪಾದದಡಿಯ ನಾನು! ಓದಬೇಕೆನ್ನುವ ಮಾತು ಎಲ್ಲಿದೆ ಎಂದು ಹುಡುಕಿದರೆ ಅದು ಕೊನೆಯ ಸಾಲಿನಲ್ಲಿ ಮುದುಡಿಕೊಂಡು ಕೂತಿತ್ತು. "ಇದನ್ನ ಹರಿದು ಹಾಕು, ಕೂಡು" ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಹುಟ್ಟಿದ್ದು ಕಲ್ಯಾಣಿಯಲ್ಲಿ. ಈಗ ಎಲ್ಲರೂ ಬಸವಕಲ್ಯಾಣ ಎನ್ನುತ್ತಾರೆ, ಆಗ ಬರೀ ಕಲ್ಯಾಣಿ. ಅಪ್ಪ ಹೈದರಾಬಾದಿನಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದರು. ಹೀಗಾಗಿ ಮಳೆಗಾಲ, ಚಳಿಗಾಲ ಹೈದರಾಬಾದಿನ ಒಂದು ಓಣಿಯಲ್ಲಿ. ಬೇಸಿಗೆ ಕಲ್ಯಾಣಿಯ ಅಜ್ಜಿಯ ಮನೆಯಲ್ಲಿ. ಓಣಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಎದುರು ಮನೆಯವರ ಜತೆ ಮರಾಠಿ. ಮೂರರ ನಡುವೆ ಇಂಗ್ಲಿಷ್ ನನಗೆ ಸಿಕ್ಕಿದ್ದು ವಕೀಲರ ಮನೆಯಿಂದ ಬಂದ ಖಾಲಿ ಬಿಸ್ಕತ್ತಿನ ಡಬ್ಬಿಯ ಮೇಲೆ. ಅಮ್ಮ ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದಳು. ಡಬ್ಬಿಯ ಮೇಲಿನ ಅಕ್ಷರಗಳನ್ನು ನಾನು ಎಷ್ಟು ತಿರುವಿ ತಿರುವಿ ಓದುತ್ತಿದ್ದೆನೆಂದರೆ, ಇವತ್ತಿಗೂ ಇಂಗ್ಲಿಷ್‌ನ ಒಳ್ಳೆಯ ಗದ್ಯ ಓದಿದಾಗ ಮೂಗಿಗೆ ಮೆಂತ್ಯದ ವಾಸನೆ ಬರುತ್ತದೆ.

ಅಜ್ಜಿಗೆ ಈ ಭಾಷೆ ಹಿಡಿಸುತ್ತಿರಲಿಲ್ಲ. ಅದನ್ನು ಆಡಿದರೆ ಬಾಯಿ ಮುಕ್ಕಳಿಸದೆ ಒಳಗೆ ಬರಬಾರದು ಎನ್ನುತ್ತಿದ್ದಳು. ಅದಕ್ಕೇ ನಾನು ತ್ರಿಪುರಾಂತ ಕೆರೆಯ ದಂಡೆಗೆ ಹೋಗಿ ನೀರಿನಲ್ಲಿ ಬಿದ್ದುಕೊಂಡ ಎಮ್ಮೆಗಳ ಮುಂದೆ ಪದ್ಯ ಒಪ್ಪಿಸುತ್ತಿದ್ದೆ. ಮುಂದೆ ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಮಾಡಿದೆ. ಆ ಎಮ್ಮೆಗಳಷ್ಟು ಸಮಾಧಾನದಿಂದ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ಅಜ್ಜಿಯ ಜತೆ ಮಠಕ್ಕೆ ಊಟಕ್ಕೆ ಹೋಗುತ್ತಿದ್ದೆ. ಅಲ್ಲಿ ಉಂಡವರು ಯಾರಿಗೂ ಉಪಕಾರ ಹೇಳುತ್ತಿರಲಿಲ್ಲ. ಕೈತೊಳೆದು ಹೊರಡುತ್ತಿದ್ದರು. ಬಡಿಸಿದವರೇ ಬಾಗಿಲಲ್ಲಿ ನಿಂತು ಉಂಡವರಿಗೆ ಕೈಮುಗಿಯುತ್ತಿದ್ದರು. ಲೋಕವೆಲ್ಲ ಹೀಗೇ ಇರುತ್ತದೆ ಎಂದು ನಾನು ತಿಳಿದುಕೊಂಡಿದ್ದೆ. ಕಲ್ಯಾಣಿಯಲ್ಲಿ ಹುಟ್ಟಿದವರಿಗೆ ಇದೊಂದು ತೊಂದರೆ.

ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಕಾಲೇಜಿನಿಂದ ಬಿ.ಎ. ಆಯಿತು. ಆದ ಬೇಸಿಗೆಯಲ್ಲೇ ಅಪ್ಪ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು. ಅಮ್ಮ, ನಾನು ಗಂಟುಮೂಟೆ ಕಟ್ಟಿಕೊಂಡು ಕಲ್ಯಾಣಿಗೆ ಬಂದೆವು. ಅಲ್ಲಿ ನನಗಾಗಿ ಎರಡು ವರಗಳು ಕಾಯುತ್ತಿದ್ದವು. ಒಬ್ಬನಿಗೆ ಹೊಲ ಬಹಳ, ಇನ್ನೊಬ್ಬನಿಗೆ ಮೀಸೆ ಬಹಳ. ನಾನು ಅಮ್ಮನಿಗೆ, "ನಾನು ಎಂ.ಎ. ಓದಬೇಕು, ಇಂಗ್ಲಿಷ್" ಎಂದೆ. ಅಮ್ಮ ಅಳಲಿಲ್ಲ, ಬಯ್ಯಲಿಲ್ಲ. "ಯಾರ್ ಕೊಡ್ತಾರ ರೊಕ್ಕ?" ಎಂದು ಮಾತ್ರ ಕೇಳಿದಳು. ಅದೇ ಪ್ರಶ್ನೆಯನ್ನು ಮೊನ್ನೆ ಪಕ್ಕದ ಮನೆಯ ಹುಡುಗಿಯೂ ಕೇಳಿದ್ದು.

ವಜೀಫಾ ಎನ್ನುತ್ತಿದ್ದರು ಆಗ, ವಿದ್ಯಾರ್ಥಿ ವೇತನಕ್ಕೆ. ಸರ್ಕಾರಿ ಕಚೇರಿಗೆ ಕೇಳಿಸಿದೆವು. ಹೆಣ್ಣುಮಕ್ಕಳಿಗೆ ವಜೀಫಾ ಉಂಟು, ಮಾಸ್ತರಿಣಿಯಾಗಲು ಉಂಟು, ಹೆರಿಗೆ ಮಾಡಿಸುವ ದಾಯಿಯಾಗಲು ಉಂಟು, ಕತೆ ಕವಿತೆ ಓದಲು ಇಲ್ಲ ಎಂದರು. ನಮ್ಮ ಜಾತಿಯ ಬೋರ್ಡಿಂಗಿನವರನ್ನು ಕೇಳಿದರೆ, ಗಂಡಸಾಗಿದ್ದರೆ ನೋಡಬಹುದಿತ್ತು ಎಂದು ಬಹಳ ಮರುಗಿದರು. ಆ ವಿಷಯದಲ್ಲಿ ನಾನು ಮಾಡುವಂಥದ್ದು ಏನೂ ಇರಲಿಲ್ಲ.

ಆಗ ಹುಮನಾಬಾದಿನಿಂದ ಶರಣಪ್ಪ ಮಾಮಾ ಬಂದ. ಅಮ್ಮನ ತಮ್ಮ. ಅಲ್ಲಿನ ರಾಚಪ್ಪ ಸಾವ್ಕಾರರ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ರೈತರು ಗಾಡಿಯಲ್ಲಿ ತಂದ ತೊಗರಿ, ಜೋಳ, ಬೆಲ್ಲವನ್ನು ತೂಗಿಸಿ ಮಾರಿಸಿಕೊಡುವ ಅಂಗಡಿ ಅದು. ಮಾಮನ ಕಿವಿಯ ಮೇಲೆ ಯಾವಾಗಲೂ ಒಂದು ಕಲಮು ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಮರೆತು ಹಾಗೇ ಹೋಗುತ್ತಿದ್ದನೆಂದು ಅತ್ತೆ ನಗುತ್ತಿದ್ದಳು. ಮಾಮಾ ಹೇಳಿದ: "ಬಜಾರದಾಗ ಧರ್ಮಾದಾ ಅಂತ ಒಂದ್ ಫಂಡ್ ಅದ. ಅದರಾಗ ಹುಡುಗುರಿಗೆ ವಜೀಫಾ ಕೊಡ್ತಾರ. ನಮ್ಮ ಸಾವ್ಕಾರ್ರೇ ಪಂಚರು. ನಾ ಕೇಳ್ತೀನಿ. ನೀ ಮಾತ್ರ ಬಾಯಿ ಜರಾ ಬಿಗಿಹಿಡಿ, ನೀಲಾ."

ಹೊಸ ತೊಗರಿ ಬಜಾರಕ್ಕೆ ಬರತೊಡಗಿದ್ದ ಕಾಲ. ಸರ್ವಿಸ್ ಮೋಟರಿನಲ್ಲಿ ಧೂಳು ತಿನ್ನುತ್ತ ಹುಮನಾಬಾದಿಗೆ ಹೋದೆ. ರಾಚಪ್ಪ ಸಾವ್ಕಾರರು ಗಾದಿಯ ಮೇಲೆ ತಕ್ಕೆ ದಿಂಬಿಗೆ ಒರಗಿ ಕೂತಿದ್ದರು. ದುಂಡಗಿನ ಮುಖ, ಮೃದು ದನಿ, ಕೆಟ್ಟವರಲ್ಲ. ಕೊಟ್ಟದ್ದಕ್ಕೆ ಜನ ತಮ್ಮನ್ನು ಹೊಗಳಬೇಕು ಎಂಬ ಆಸೆ ಮಾತ್ರ ಅವರಿಗೆ ಹಸಿವಿನ ಹಾಗೆ ಇತ್ತು.

"ಏನ್ ಓದ್ತಿ ತಂಗಿ?"

"ಇಂಗ್ಲಿಷ್ ರೀ."

"ಡಾಕ್ಟರಕಿ ಆಗ್ತೀನಿ ಅನ್ನು, ಇವತ್ತೇ ಕೊಡ್ತೀವಿ. ನಮ್ಮ ದವಾಖಾನೀಗೆ ಬರ್ತಿ. ಗಂಡುಮಕ್ಕಳು ವಕೀಲಕಿ ಓದ್ತಾರ, ನಮ್ಮ ದಾವೆ ನೋಡ್ತಾರ. ಇಂಗ್ಲಿಷ್ ಕತಿ ಓದಿ ಬಂದ್ರ ಬಜಾರಕ್ಕ ಏನ್ ಫಾಯದಾ?"

ನಾನು ಬಾಯಿ ಬಿಗಿಹಿಡಿದೇ ಇದ್ದೆ. ಅದು ತಾನೇ ಬಿಚ್ಚಿಕೊಂಡಿತು. "ಫಾಯದಾ ಇದ್ದದ್ದಕ್ಕ ಕೊಟ್ರ ಅದು ವ್ಯಾಪಾರ ಆಗ್ತದಲ್ರೀ ಸಾವ್ಕಾರ್ರ. ಧರ್ಮ ಹ್ಯಾಂಗ ಆಗ್ತದ?"

ಹಿಂದಿನಿಂದ ಮಾಮಾ ಕೆಮ್ಮಿದ. ಸಾವ್ಕಾರರು ಮಾತ್ರ ಸಿಟ್ಟಾಗಲಿಲ್ಲ. ನನ್ನನ್ನೇ ನೋಡಿದರು, ಆಮೇಲೆ ನಕ್ಕರು. ಬರುವ ವಾರ ಜಿಲ್ಲೆಯ ತಾಲೂಕ್ದಾರ ಸಾಹೇಬರು, ಎಂದರೆ ಈಗಿನ ಕಲೆಕ್ಟರು, ಬರುವವರಿದ್ದರು. ಧರ್ಮಾದಾ ಹಣದಲ್ಲಿ ಕಟ್ಟಿಸಿದ ಹೊಸ ಧರ್ಮಶಾಲೆಯನ್ನು ಅವರ ಕೈಯಿಂದ ತೆರೆಸಬೇಕು. ಸಾಹೇಬರು ವಿಲಾಯತಿಯಲ್ಲಿ ಓದಿದವರು. ಅವರ ಮುಂದೆ ಇಂಗ್ಲಿಷ್‌ನಲ್ಲೇ ಮಾನಪತ್ರ ಓದಿಸಬೇಕೆಂದು ಸಾವ್ಕಾರರ ಆಸೆ. ಶಾಲೆಯ ಮಾಸ್ತರರು ಹೆದರಿ ರಜೆ ಹಾಕಿ ಊರು ಬಿಟ್ಟಿದ್ದರು.

"ನೀ ಓದು. ಧರ್ಮಶಾಲಾ ಯಾರ್ ಕಟ್ಟಿಸ್ಯಾರ, ಎಂಥಾ ದಾನಿ ಅಂತ ಛಂದ ಬರಿ. ಓದಿದ ಮರುದಿನ ನಿನ್ನ ವಜೀಫಾ ಮಂಜೂರ್" ಎಂದರು.

ನಾನು ಒಪ್ಪಿದೆ. ಯಾಕೆ ಒಪ್ಪಬಾರದು? ಎಂ.ಎ. ಬೇಕಾಗಿತ್ತು ನನಗೆ. ಹೊಗಳಿಕೆಗೆ ಏನು ಖರ್ಚು ಎಂದುಕೊಂಡು ಅಂಗಡಿಯ ಪಡಸಾಲೆಯಲ್ಲಿ ಚೀಲಗಳ ಮರೆಯಲ್ಲಿ ಕೂತು ಬರೆಯತೊಡಗಿದೆ. ಇಂಗ್ಲಿಷ್‌ನಲ್ಲಿ ಒಬ್ಬರನ್ನು ಹೊಗಳುವುದಕ್ಕೆ ಎಷ್ಟು ಒಳ್ಳೆಯ ಮಾತುಗಳಿವೆ! ಸಾವ್ಕಾರರನ್ನು ಸೂರ್ಯನಿಗೆ ಹೋಲಿಸಿದೆ, ಆಲದ ಮರಕ್ಕೆ ಹೋಲಿಸಿದೆ, ಇನ್ನೇನು ಗಂಗಾನದಿಗೆ ಹೋಲಿಸಬೇಕು ಎನ್ನುವಷ್ಟರಲ್ಲಿ ಎದುರಿನ ಅಂಗಳದಲ್ಲಿ ಜಗಳದಂಥ ದನಿ ಕೇಳಿತು.

ಕೊಡಂಬಲದಿಂದ ಬಂದ ಒಂದು ಗಾಡಿಯ ತೊಗರಿ ತೂಗುತ್ತಿದ್ದರು. ಗಾಡಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ಒಬ್ಬ ಹೆಂಗಸು ನಿಂತಿದ್ದಳು. ಎತ್ತರದ ಆಳು, ಹಣೆಯ ತುಂಬ ಭಂಡಾರ, ನೆರೆತ ಕೂದಲು. ಗಂಡ ತೀರಿದ ಮೇಲೆ ಹೊಲವನ್ನು ತಾನೇ ಮಾಡಿಸುವವಳು, ತುಳಜಮ್ಮ ಎಂದು ಆಮೇಲೆ ತಿಳಿಯಿತು. ತೂಗುವವನು ಪ್ರತಿ ಚೀಲದಿಂದಲೂ ಒಂದೊಂದು ಬೊಗಸೆ ತೆಗೆದು ಬೇರೆ ಬುಟ್ಟಿಗೆ ಹಾಕುತ್ತಿದ್ದ. "ಬೊಗಸಿ ಅಂದ್ರ ಬೊಗಸಿ, ಮೊರ ಅಲ್ಲ. ನಿನ್ನ ಕೈ ಏನ್ ಕೈಯೋ ಸಲಿಕೆಯೋ?" ಎಂದು ಅವಳು ಅವನನ್ನು ದಬಾಯಿಸುತ್ತಿದ್ದಳು.

ನಾನು ಹತ್ತಿರ ಹೋಗಿ, "ಆ ಬುಟ್ಟಿ ಯಾತರದು ಆಯಿ?" ಎಂದೆ. ನಮ್ಮ ಕಡೆ ಹಿರಿಯ ಹೆಂಗಸರಿಗೆ ಆಯಿ ಎನ್ನುವುದು ರೂಢಿ.

"ಧರ್ಮಾದಾ" ಎಂದಳು. "ಮಾಲ್ ತಂದೋರೆಲ್ಲಾ ಕೊಡ್ಬೇಕು. ಗುಡಿಗಂತ, ಧರ್ಮಶಾಲಾಕ್ಕಂತ, ಹುಡುಗುರು ಓದ್ಲಾಕಂತ."

"ಅದು ಸಾವ್ಕಾರ್ರು ಕೊಡೂದಲ್ಲಾ?"

ತುಳಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಧರ್ಮ ನಂದು, ಹೆಸರು ಅವರ್ದು. ನಿನಗ್ಯಾಕ ಬೇಕಾಗ್ಯದ?"

ನಾನು ವಜೀಫಾ ಕೇಳಲು ಬಂದವಳೆಂದು ಹೇಳಿದೆ. ಅವಳಿಗೆ ನಗು ಬಂತು. "ನಮ್ಮ ಬುಟ್ಟಿ ಕೇಳ್ಲಾಕ ಒಳಗ ಗಾದಿಗೆ ಹೋಗಿದ್ದೇನು? ಏನ್ ಓದ್ತಿ?"

"ಇಂಗ್ಲಿಷ್."

"ಅದರಾಗ ಏನ್ ಅದ?"

ಬಿ.ಎ. ಆದವಳು ನಾನು. "ಕತಿ ಅವ, ಹಾಡ್ ಅವ, ನಾಟಕ ಅವ" ಎಂದು ತೊದಲಿದೆ.

"ನಮ್ಮೂರಾಗೂ ಅವ. ಆ ಮಂದಿದು ಹ್ಯಾಂಗ್ ಇರ್ತಾವ ನೋಡ್ಕೊಂಡು ಬಾ. ನಾ ಅಂತೂ ಕೊಟ್ಟೆ" ಎಂದು ತೂಗುವವನ ಕಡೆ ತಿರುಗಿದಳು. ನನ್ನ ಅರ್ಜಿ ಅಷ್ಟರಲ್ಲಿ ಮಂಜೂರಾಗಿಹೋಗಿತ್ತು. ನಾನು ಒಳಗೆ ಬಂದು ಸೂರ್ಯನನ್ನೂ ಆಲದ ಮರವನ್ನೂ ಹೊಡೆದುಹಾಕಿ ಮೊದಲಿನಿಂದ ಬರೆದೆ.

ಸಮಾರಂಭದ ಹಿಂದಿನ ದಿನ ಸಾವ್ಕಾರರು ಓದಿ ತೋರಿಸು ಎಂದರು. ಅವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಕಣ್ಣು ಮುಚ್ಚಿ ಭಜನೆ ಕೇಳುವವರ ಹಾಗೆ ಕೂತರು. ನಡುವೆ ತಮ್ಮ ಹೆಸರು ಬಂದಾಗ ಕಣ್ಣು ತೆರೆದು ನಗುವುದು, ಮತ್ತೆ ಮುಚ್ಚುವುದು. ಮುಗಿದ ಮೇಲೆ, "ಛಲೋ ಅದ. ಹೆಸರು ಇನ್ನೊಂದೀಟು ಬರಲಿ" ಎಂದರು. ಅದಕ್ಕೇನಂತೆ, ಸೇರಿಸಿದೆ.

ಧರ್ಮಶಾಲೆಯ ಮುಂದೆ ಬಣ್ಣದ ಬಟ್ಟೆಯ ಚಪ್ಪರ. ಮುಂದೆ ಕುರ್ಚಿ, ನಡುವೆ ಜಮಖಾನೆ, ಕೊನೆಯಲ್ಲಿ ಮಾಲು ತಂದು ಬಂದಿದ್ದ ರೈತರು ನಿಂತಿದ್ದರು. ತಾಲೂಕ್ದಾರ ಸಾಹೇಬರು ತೆಳ್ಳಗಿನ ಆಳು, ಶೇರ್ವಾನಿ, ಕನ್ನಡಕ. ಇಂಥ ಮಾನಪತ್ರಗಳನ್ನು ಕೇಳಿ ಕೇಳಿ ಬೇಸತ್ತ ಮುಖ. ನಾನು ಎದ್ದು ನಿಂತು ಓದಿದೆ.

ಇದು ದಾನಿಗಳ ಕಟ್ಟಡ ಎಂದೆ. ದಾನಿಗಳು ಯಾರು ಎಂದರೆ ಕೊಡಂಬಲದವರು, ಹುಲಸೂರಿನವರು, ಮನ್ನಾಏಖೇಳ್ಳಿಯವರು. ಚೀಲ ಚೀಲದಿಂದ ಬೊಗಸೆ ಬೊಗಸೆ ಕೊಟ್ಟು ಈ ಕಲ್ಲುಗಳನ್ನು ಕೂಡಿಸಿದವರು. ಅವರು ಈ ಚಪ್ಪರದ ಕೊನೆಯಲ್ಲಿ ಬಿಸಿಲಿಗೆ ನಿಂತಿದ್ದಾರೆ ಎಂದೆ. ರಾಚಪ್ಪ ಸಾವ್ಕಾರರು ಆ ಬೊಗಸೆಗಳನ್ನು ಕಾಯ್ದವರು (ಹೆಸರು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು), ಕಾಯುವುದು ಒಳ್ಳೆಯ ಕೆಲಸ, ಆದರೆ ಕಾಯ್ದವರು ಕೊಟ್ಟವರಲ್ಲ ಎಂದೆ. ರಾಚಪ್ಪ ಸಾವ್ಕಾರರು ಇದನ್ನು ಮರೆತಿದ್ದಾರೆ (ಮತ್ತೆ ಚಪ್ಪಾಳೆ, ಸಾವ್ಕಾರರು ಎದ್ದು ಕೈಮುಗಿದರು), ಇವತ್ತು ನೆನಪು ಮಾಡುವ ದಿನ ಎಂದೆ. ನನ್ನ ಓದಿಗೂ ಈ ರೈತರೇ ಹಣ ಕೊಡುವವರು, ಆದ್ದರಿಂದ ನಾನು ಕೈಮುಗಿಯುವುದಾದರೆ ಆ ಕಡೆಗೆ ಎಂದು ಹೇಳಿ, ಕುರ್ಚಿಗಳಿಗೆ ಬೆನ್ನು ಹಾಕಿ ಚಪ್ಪರದ ಕೊನೆಗೆ ಕೈಮುಗಿದೆ.

ಭಾರಿ ಚಪ್ಪಾಳೆ. ಹೂಮಾಲೆ ತರಲು ಯಾರೋ ಓಡಿದರು. ನಾನು ಇಷ್ಟು ಸುಲಭವೇ ಎಂದು ಬೀಗುತ್ತ ನಿಂತಿದ್ದೆ.

ಸಾಹೇಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ನೋಡಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು: "ಬೀಬೀ, ಅಂಗ್ರೇಜಿ ತೋ ಮೈ ಸಮಜ್ ಗಯಾ. ಅಬ್ ಇನೋಂಕು ಇನ್ಕೀ ಜಬಾನ್ ಮೇ ಸುನಾವ್." ಇಂಗ್ಲಿಷ್ ನನಗೇನೋ ಅರ್ಥವಾಯಿತು, ಈಗ ಇವರಿಗೆ ಇವರ ಭಾಷೆಯಲ್ಲಿ ಹೇಳು ಎಂದು.

ಅವರು ಅದನ್ನು ನನ್ನ ಮೇಲಿನ ಮೆಚ್ಚುಗೆಯಿಂದ ಹೇಳಿದರೋ, ಈ ಹುಡುಗಿಯ ಧೈರ್ಯ ಎಷ್ಟು ದೂರ ಬರುತ್ತದೆ ನೋಡೋಣ ಎಂದು ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾರಿಗೂ ತಿಳಿಯದ ಭಾಷೆಯಲ್ಲಿ ಧೈರ್ಯ ಬಹಳ ಅಗ್ಗ. ಎಮ್ಮೆಗಳ ಮುಂದೆ ಪದ್ಯ ಹೇಳಿದ ಹಾಗೆ. ಕನ್ನಡದಲ್ಲಿ ಹೇಳಿದರೆ ಸಾವ್ಕಾರರಿಗೆ ತಿಳಿಯುತ್ತದೆ. ವಜೀಫಾ ಹೋಗುತ್ತದೆ. ಅದು ಹೋಗಲಿ, ಆ ಕಂಬದ ಹತ್ತಿರ ನಿಂತಿದ್ದಾನಲ್ಲ ಶರಣಪ್ಪ ಮಾಮಾ, ಅವನ ಕೆಲಸ? ಮನೆಯಲ್ಲಿ ಅತ್ತೆ, ಸಾಲಾಗಿ ಮಕ್ಕಳು.

ನಾನು ಮಾಮನ ಕಡೆ ನೋಡಿದೆ. ಅವನಿಗೆ ಇಂಗ್ಲಿಷ್ ಬಾರದು, ಆದರೆ ಉರ್ದು ಬರುತ್ತಿತ್ತು. ನನ್ನ ಮುಖವೂ ಓದಲು ಬರುತ್ತಿತ್ತು. ಅವನು ಅತ್ತಿತ್ತ ನೋಡಲಿಲ್ಲ. ಕೈ ಎತ್ತಿ ಕಿವಿಯ ಮೇಲಿನ ಕಲಮು ತೆಗೆದ, ಅಂಗಿಯ ಜೇಬಿನಲ್ಲಿಟ್ಟ, ಗುಂಡಿ ಹಾಕಿದ. ಆಮೇಲೆ ನನ್ನ ಕಡೆ ತಲೆಯಾಡಿಸಿದ.

ಹೇಳಿದೆ. ಹೈದರಾಬಾದಿನ ಉರ್ದು ಬೆರೆತ ಕನ್ನಡದಲ್ಲಿ, ಅಜ್ಜಿಯ ಮಾತಿನಲ್ಲಿ, ಪೂರ್ತಿ ಹೇಳಿದೆ. ಈ ಸಲ ಸಾವ್ಕಾರರ ಹೆಸರು ಬಂದಾಗ ಯಾರೂ ಕೈ ತಟ್ಟಲಿಲ್ಲ. ಕೊನೆಯಲ್ಲಿ ಹಿಂದಿನಿಂದ ಒಂದು ದನಿ: "ಖರೇ ಅಂದಾಳ!" ತುಳಜಮ್ಮನದು. ಹಿಂದೆ ನಿಂತವರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ಸಾಹೇಬರು ಬಾಗಿಲಿನ ರಿಬ್ಬನ್ ಕತ್ತರಿಸಿ, ಶರಬತ್ತು ಕುಡಿದು, ಮೋಟರು ಹತ್ತಿ ಹೋದರು.

ರಾಚಪ್ಪ ಸಾವ್ಕಾರರ ಮುಖ ನೋಡಲು ಆಗುತ್ತಿರಲಿಲ್ಲ. ಸಿಟ್ಟಿಗಿಂತ ನೋವು ಹೆಚ್ಚು ಇತ್ತು. "ಮಂದಿ ಮುಂದ ನನ್ನ ಮಾನ ಕಳದಿ ತಂಗಿ. ಈ ಬಜಾರದಾಗ ನಿನಗ ಒಂದ್ ಕಾಳ್ ಸಿಗೂದಿಲ್ಲ" ಎಂದರು. ಮಾಮನ ಕಡೆ ತಿರುಗಿ, "ಶರಣಪ್ಪಾ, ನಾಳಿಂದ ನೀ ಬರಬ್ಯಾಡ" ಎಂದರು.

"ಅವಾಗೇ ಕಲಂ ತಗದೀನ್ರೀ" ಎಂದ ಮಾಮಾ.

ಮನೆಗೆ ಬಂದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಅಂದು ರೊಟ್ಟಿಗೆ ಬಿದ್ದ ಪೆಟ್ಟು ನನಗೇ ಬಿದ್ದ ಹಾಗಿತ್ತು. ಉಂಡೆವು. ಮಾಮಾ, "ಕಲ್ಯಾಣಿಗೆ ಹೋಗಬ್ಯಾಡ, ಸಂತಿ ಮುಗೀಲಿ" ಎಂದ. ಸಾವ್ಕಾರರ ಮಾತು ಕೊಡಂಬಲದವರ ಕಿವಿಗೆ ಬಿದ್ದದ್ದು ಅವನಿಗೆ ಗೊತ್ತಿತ್ತಂತೆ.

ಸಂತೆಯ ದಿನ ಕೊಡಂಬಲದ ಗಾಡಿಗಳು ಸಾಲಾಗಿ ಬಂದವು. ಮೊದಲ ಗಾಡಿ ರಾಚಪ್ಪ ಸಾವ್ಕಾರರ ಅಂಗಡಿಗೇ ಬಂತು. ಚೀಲ ಬಿಚ್ಚಿದರು, ತೂಗಿದರು. ತೂಗುವವನು ಧರ್ಮಾದಾ ತೆಗೆಯಲು ಕೈ ಹಾಕಿದ. ತುಳಜಮ್ಮ ಚೀಲದ ಬಾಯಿಯ ಮೇಲೆ ಅಂಗೈ ಇಟ್ಟಳು.

"ಧರ್ಮಾದಾ ಇಲ್ಲ ಅನ್ನಾಕತ್ತಿಲ್ಲ. ಯಾರಿಗೆ ಹೋಗ್ತದ ಅಂತ ಮೊದಲ ಹೇಳ್ರಿ."

"ಇದೇನ್ ಹೊಸಾದು ತುಳಜಮ್ಮಾ?" ಎಂದು ಸಾವ್ಕಾರರು ಒಳಗಿನಿಂದ ಬಂದರು.

"ಹೊಸಾದಲ್ರೀ. ಹಳೀದು ಕೇಳಿದ್ದಿಲ್ಲ, ಈಗ ಕೇಳಾಕತ್ತೀನಿ. ಆ ಹುಡುಗಿಗೆ ನಾ ಕೊಟ್ಟೀನಿ. ನನ್ನ ಬಾಯಿಲೆ ಕೊಟ್ಟದ್ದು ನೀವ್ ಹ್ಯಾಂಗ ಇಲ್ಲ ಅಂತೀರಿ?"

"ಆಕಿ ನನಗ ಬೈದಾಳ."

"ನಿಮಗ ಬೈದದ್ದಕ್ಕ ನಿಮ್ಮ ರೊಕ್ಕ ಕೊಡಬ್ಯಾಡ್ರಿ. ನಂದು ಕೊಡ್ರಿ."

ಹಮಾಲರು ನಕ್ಕು, ನಕ್ಕದ್ದಕ್ಕೆ ಹೆದರಿ ಚೀಲಗಳ ಮೇಲೆ ಕೂತರು. ಮುಂದಿನ ಗಾಡಿಯವನೂ ಚೀಲಕ್ಕೆ ಕೈ ಅಡ್ಡ ಇಟ್ಟ. ಅದರ ಮುಂದಿನವನೂ. ಹುಲಸೂರಿನಿಂದ ಬಂದವರು ಏನಾಗುತ್ತಿದೆ ಎಂದು ವಿಚಾರಿಸಿ, ತಿಳಿದ ಮೇಲೆ ಅವರೂ ಅಂಗೈ ಇಟ್ಟುಕೊಂಡು ನಿಂತರು. ಗಲಾಟೆ ಇಲ್ಲ, ಕೂಗಾಟ ಇಲ್ಲ. ತೊಗರಿ ಚೀಲಗಳು, ಅವುಗಳ ಮೇಲೆ ಅಂಗೈಗಳು. ಎತ್ತುಗಳು ನೊಗದಲ್ಲೇ ನಿಂತು ಮೆಲುಕು ಹಾಕುತ್ತಿದ್ದವು. ಎದುರು ಸಾಲಿನ ಅಂಗಡಿಯವನೊಬ್ಬ ಸಮಯ ನೋಡಿ, "ಇತ್ತ ಬರ್ರಿ, ನಮ್ಮಲ್ಲಿ ತಕ್ಕಡಿ ಖಾಲಿ ಅದ" ಎಂದು ಕರೆದ. "ಇಲ್ಲಿ ಆಗಲಿಲ್ಲಂದ್ರ ಚಿಟಗುಪ್ಪಕ್ಕ ಹೊಡಕೊಂಡು ಹೋಗ್ತೀವಿ" ಎಂದು ಗಾಡಿಯವರು ಹಗ್ಗ ಬಿಗಿಯತೊಡಗಿದರು.

ಹಂಗಾಮಿನ ಮಾಲು ಬಾಗಿಲಿಗೆ ಬಂದು ತಿರುಗಿ ಹೋಗುವುದನ್ನು ಯಾವ ವ್ಯಾಪಾರಿಯೂ ನೋಡಲಾರ. ಪಂಚರು ಒಳಗೆ ಹೋಗಿ ಕೂತರು. ಚಹಾ ಹೋಯಿತು, ಪಾನ್ ಹೋಯಿತು. ಊಟದ ಹೊತ್ತಿಗೆ ಹೊರಗೆ ಬಂದು, ಕಲ್ಯಾಣಿಯ ಹುಡುಗಿಗೆ ಎಂ.ಎ. ಮುಗಿಯುವ ತನಕ ವಜೀಫಾ ಮಂಜೂರು ಎಂದು ಗಾಡಿಗಳ ಮುಂದೆಯೇ ಹೇಳಿದರು. ತುಳಜಮ್ಮ ಅಂಗೈ ತೆಗೆದಳು. ತೂಗುವವನು ಬೊಗಸೆ ತುಂಬಿದ. ಅವಳು, "ಈಗ ಇನ್ನೊಂದೀಟು ತಗೋ" ಎಂದಳು.

ನಾನು ಒಳಗೆ ಹೋದಾಗ ಸಾವ್ಕಾರರು ಗಾದಿಯ ಮೇಲೆ ಒಬ್ಬರೇ ಇದ್ದರು. "ಕೊಟ್ಟೀವಿ. ಒಂದ್ ಮಾತು ಉಪಕಾರ ಆತು ಅನ್ನು ತಂಗಿ, ಸಾಕು" ಎಂದರು. ಅವರ ದನಿ ಕೇಳಿದರೆ ಕನಿಕರ ಬರುತ್ತಿತ್ತು, ಆದರೂ ಆ ಮಾತು ಅನ್ನಲಿಲ್ಲ. "ಕಾಯ್ದಿರಿ, ಅದು ದೊಡ್ಡ ಕೆಲಸ ಸಾವ್ಕಾರ್ರ" ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಮಾಮನಿಗೆ ಎದುರು ಸಾಲಿನ ಅಂಗಡಿಯವನು ಅಂದೇ ಕೆಲಸ ಕೊಟ್ಟ. ಮುಂದೆ ಬದುಕಿರುವ ತನಕ ಮಾಮಾ ಮತ್ತು ರಾಚಪ್ಪ ಸಾವ್ಕಾರರು ಎದುರುಬದುರು ಕೂತು, ಬೆಳಗಿನಿಂದ ಸಂಜೆಯ ತನಕ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತ ಕಾಲ ಕಳೆದರು.

ಹೈದರಾಬಾದಿನ ಎಂ.ಎ. ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಗತಿಯಲ್ಲಿ ನಾನೊಬ್ಬಳೇ ಹೆಂಗಸು. ಮೂಲೆಯಲ್ಲಿ ಬಿದಿರಿನ ಪರದೆ ಕಟ್ಟಿ, ಅದರ ಹಿಂದೆ ನನ್ನನ್ನು ಕೂರಿಸಿದ್ದರು. ಪ್ರೊಫೆಸರರು ಪಾಠ ಮಾಡುತ್ತ ಮಾಡುತ್ತ ಪರದೆಯ ಹಿಂದೆ ಒಬ್ಬಳಿದ್ದಾಳೆ ಎನ್ನುವುದನ್ನು ಮರೆಯುತ್ತಿದ್ದರು. ನಾನು ಅಲ್ಲಿಂದಲೇ ಪ್ರಶ್ನೆ ಕೇಳಿದರೆ ಹುಡುಗರೆಲ್ಲ ಬೆಚ್ಚಿಬಿದ್ದು ತಿರುಗಿ ನೋಡುತ್ತಿದ್ದರು. ಬೇಕೆಂದೇ ಕೇಳುತ್ತಿದ್ದೆ. ಉತ್ತರ ಗೊತ್ತಿದ್ದಾಗಲೂ ಕೇಳುತ್ತಿದ್ದೆ. ಎರಡನೆಯ ವರ್ಷ ಒಂದು ದಿನ ಆ ಪರದೆಯನ್ನು ನಾನೇ ಸುತ್ತಿ ಗೋಡೆಗೆ ಒರಗಿಸಿಟ್ಟೆ. ಮತ್ತೆ ಕಟ್ಟಲು ಯಾರೂ ಬರಲಿಲ್ಲ. ಅದನ್ನು ಕಟ್ಟಿಸಿದವರು ಯಾರು ಎನ್ನುವುದೇ ಯಾರಿಗೂ ನೆನಪಿರಲಿಲ್ಲವೆಂದು ಕಾಣುತ್ತದೆ.

ಪಾಸಾದ ಸುದ್ದಿ ಬಂದಾಗ ಮೃಗಶಿರಾ ಮಳೆ ಹಿಡಿದಿತ್ತು. ಕಲ್ಯಾಣಿಯಲ್ಲಿ ಅಮ್ಮನ ಕಾಲಿಗೆ ಬಿದ್ದು, ಹುಮನಾಬಾದಿನಲ್ಲಿ ಮಾಮನಿಗೆ ಹೇಳಿ, ಅಲ್ಲಿಂದ ಒಂದು ಗಾಡಿ ಹಿಡಿದು ಕೊಡಂಬಲಕ್ಕೆ ಹೋದೆ. ಕಪ್ಪು ನೆಲ ಚಪ್ಪಲಿ ಹಿಡಿದು ಬಿಡುತ್ತಿರಲಿಲ್ಲ; ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದೇ ಹೊಲಕ್ಕೆ ಇಳಿದೆ. ಕೂರಿಗೆ ಹೂಡಿದ್ದರು. ಎತ್ತುಗಳ ಹಿಂದೆ ತುಳಜಮ್ಮ ಉಡಿಯಲ್ಲಿ ತೊಗರಿ ಬೀಜ ಕಟ್ಟಿಕೊಂಡು ಬಿತ್ತುತ್ತ ನಡೆದಿದ್ದಳು. ದೂರದಿಂದಲೇ ಕೂಗಿ ಹೇಳಿದೆ, "ಆಯೀ, ಪಾಸಾದೆ!"

ಯಾರೂ ಎತ್ತು ನಿಲ್ಲಿಸಲಿಲ್ಲ. ಹದ ಹೋದರೆ ಬರುವುದಿಲ್ಲ. ಸಾಲಿನ ಕೊನೆ ಮುಟ್ಟಿ ತಿರುಗಿದ ಮೇಲೆ ಅವಳು ನನ್ನ ಹತ್ತಿರ ಬಂದು ಮುಖ ನೋಡಿದಳು. "ತೆಳ್ಳಗಾಗೀದಿ" ಎಂದಳು. "ನೋಡ್ಕೊಂಡು ಬಂದಿಯೇನು? ಆ ಮಂದಿ ಕತಿ, ಹಾಡು?"

"ನೋಡ್ಕೊಂಡು ಬಂದೆ."

"ಹ್ಯಾಂಗ್ ಅವ?"

"ಛಲೋ ಅವ ಆಯಿ. ಅವರೂ ನಮ್ಮಂಗೇ ಅಳ್ತಾರ, ಜಗಳಾಡ್ತಾರ."

"ಮತ್ತ?" ಎಂದು, ನಾನು ಮೊದಲೇ ಹೇಳಿದ್ದೆನಲ್ಲ ಎನ್ನುವ ಹಾಗೆ ನಕ್ಕಳು. ನನ್ನ ಸೆರಗು ಹಿಡಿದು ಎಳೆದು, ಉಡಿ ಕಟ್ಟಿ, ತನ್ನ ಉಡಿಯಿಂದ ಬೀಜ ಸುರಿದಳು. "ಆ ಸಾಲು ಹಿಡಿ. ಬಹಳ ಬಿಡಬ್ಯಾಡ, ಸುಮ್ಮ ಬೆರಳಿನಾಗಿಂದ ಇಳೀಲಿ."

ಇಳಿಯಲಿಲ್ಲ. ಒಂದು ಕಡೆ ಹಿಡಿ ಹಿಡಿಯಾಗಿ ಬಿತ್ತು, ಮುಂದೆ ಬರಿದಾಗಿ ಹೋಯಿತು. ಎತ್ತು ಹೊಡೆಯುತ್ತಿದ್ದವನು ತಿರುಗಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕ. ಎಂ.ಎ. ಪದವೀಧರೆ ಕಚ್ಚೆ ಕಟ್ಟಿ, ಮೊಳಕಾಲ ತನಕ ಕೆಸರಾಗಿ, ಸಾಲಿನ ಕೊನೆಗೆ ಏದುಸಿರು ಬಿಡುತ್ತ ನಿಂತಳು.

ತುಳಜಮ್ಮ ನನ್ನ ಹಿಂದೆಯೇ ಬಂದು, ನಾನು ಖಾಲಿ ಬಿಟ್ಟಲ್ಲೆಲ್ಲ ಬೀಜ ಹಾಕಿ ಕಾಲಿನಿಂದ ಮಣ್ಣು ಎಳೆಯುತ್ತ, "ಓದು ತೀರೇ ಹೋತೇನು? ಮುಂದ ಏನೂ ಇಲ್ಲಾ?" ಎಂದಳು.

"ಅದ ಆಯಿ. ಆದ್ರ ಅದಕ್ಕ ಸಮುದ್ರ ದಾಟಿ ಹೋಗಬೇಕಾಗ್ತದ. ವಿಲಾಯತಿ. ಅಲ್ಲಿಗೆ ಕಳಸೋ ವಜೀಫಾ ಈ ಕಡಿ ಯಾರಿಗೂ ಕೊಟ್ಟಿಲ್ಲ."

"ಬಹಳ ದೂರ ಏನು?"

"ಬಹಳ ದೂರ. ಹಡಗಿನಾಗ."

ಅವಳು ಸೊಂಟ ನೆಟ್ಟಗೆ ಮಾಡಿ, ಹೊಲದ ಆಚೆಗೆ ಏರಿನ ಮೇಲಿದ್ದ ಇನ್ನೊಂದು ತುಂಡು ನೆಲವನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಅದಕ್ಕೆ ಜೋಳ ಎಂದು ಅವರು ಗೊತ್ತು ಮಾಡಿದ್ದರಂತೆ. ಎತ್ತಿನವನನ್ನು ಕೂಗಿ ಕರೆದಳು.

"ಏ, ಆ ಮ್ಯಾಲಿನ ಹೊಲಕ್ಕೂ ತೊಗರೀನೇ ಬಿತ್ತೋಣು!"